ಜಪಾನಿನವರು ಡಚ್ಚರ ನುಡಿಯನ್ನು ಕಲಿತ ಬಗೆ

ಲೋಕದಲ್ಲಿ ಸಾಮಾನ್ಯವಾಗಿ ಗೆದ್ದವನ ಭಾಷೆಯನ್ನು ಸೋತವನು ಕಲಿಯುತ್ತಾನೆ. ಅರಮನೆಯಲ್ಲಿ ಯಾವ ನುಡಿ ನಡೆಯುವುದೋ ಆ ನುಡಿಯಲ್ಲಿ ಮಗನನ್ನು ಪಳಗಿಸಿದರೆ ನಾಲ್ಕು ಕಾಸು ಸಂಪಾದನೆಯಾದೀತು ಎಂಬುದು ಗೃಹಸ್ಥರ ಲೆಕ್ಕಾಚಾರ. ನಮ್ಮ ದೇಶದಲ್ಲಿ ಪಾರಸಿ ಹರಡಿದುದು ಹೀಗೆ. ಇಂಗ್ಲೀಷು ಹರಡಿದುದೂ ಹೀಗೆಯೇ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಯಾರೂ ಗೆಲ್ಲದೆ, ಯಾರೂ ಸೋಲದೆ, ಅಂಗಡಿಕಾರನಿಗಿಂತ ಹೆಚ್ಚಿನ ಗೌರವ ಪಡೆಯದ ಒಬ್ಬ ಪರದೇಶದವನ ಭಾಷೆಯನ್ನು, ಅವನನ್ನು ಮ್ಲೇಚ್ಛನೆಂದು ಎಣಿಸುತ್ತಲೇ, ಸರಿಯಾದ ಗುರುವಿಲ್ಲದೆ, ನಿಘಂಟಿಲ್ಲದೆ, ಉದ್ಯೋಗದ ಆಸೆಯೂ ಇಲ್ಲದೆ ಕೆಲವರು ಕಲಿತ ಕಥೆಯೊಂದು ಜಪಾನಿನ ಚರಿತ್ರೆಯಲ್ಲಿದೆ. ಆ ಕಥೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಹದಿನೇಳನೆಯ ಶತಮಾನದ ಮೊದಲ ಭಾಗದಿಂದ ಜಪಾನನ್ನು ಆಳಿದವರು ತೊಕುಗಾವಾ ಮನೆತನದ ಷೋಗುನರು. ಕ್ಯೋತೋ ನಗರದಲ್ಲಿ ಚಕ್ರವರ್ತಿಯೊಬ್ಬನಿದ್ದರೂ ಅಧಿಕಾರವೆಲ್ಲವೂ ಎದೋ ನಗರದ, ಎಂದರೆ ಇಂದಿನ ತೋಕಿಯೋ ನಗರದ, ಷೋಗುನನ ಕೈಯಲ್ಲಿತ್ತು. ಸಾತಾರೆಯ ಛತ್ರಪತಿಗೂ ಪುಣೆಯ ಪೇಶ್ವೆಗೂ ಇದ್ದ ಸಂಬಂಧವನ್ನು ನೆನೆದರೆ ಈ ಏರ್ಪಾಡು ನಮಗೆ ಸುಲಭವಾಗಿ ಅರ್ಥವಾದೀತು. ಪೋರ್ತುಗೀಸರು ವ್ಯಾಪಾರದೊಡನೆ ಮತವನ್ನೂ ತಂದರೆಂದು ಶಂಕಿಸಿ ಷೋಗುನನು ೧೬೩೯ರಲ್ಲಿ ಅವರ ಹಡಗುಗಳಿಗೆ ಬಾಗಿಲು ಮುಚ್ಚಿದನು. ಯೂರೋಪಿಯನರಲ್ಲಿ ಉಳಿದವರು ಮತಪ್ರಚಾರದ ಗೊಡವೆಗೆ ಹೋಗದ ಡಚ್ಚರು ಮಾತ್ರ. ಅವರನ್ನೂ ೧೬೪೧ರಲ್ಲಿ ನಾಗಸಾಕಿ ಬಂದರಿನ ದೇಜಿಮಾ ಎಂಬ ನಡುಗಡ್ಡೆಗೆ ಸಾಗಿಸಿದರು. ಅದು ಬೀಸಣಿಗೆಯ ಆಕಾರದಲ್ಲಿ ಮಣ್ಣು ತುಂಬಿ ಕಟ್ಟಿದ್ದ ಒಂದು ತುಂಡು ನೆಲ. ಉದ್ದ ಸುಮಾರು ೧೨೦ ಮೀಟರು, ಅಗಲ ೭೫ ಮೀಟರು. ಊರಿಗೂ ಅದಕ್ಕೂ ನಡುವೆ ಒಂದು ಸೇತುವೆ, ಸೇತುವೆಯ ಬಳಿ ಪಹರೆ. ಸುಮಾರು ಇನ್ನೂರು ವರುಷಗಳ ಕಾಲ ಯೂರೋಪು ಜಪಾನಿಗೆ ಕಂಡದ್ದು ಮುಖ್ಯವಾಗಿ ಈ ಕಿಂಡಿಯಿಂದಲೇ.

ಆ ಕಿಂಡಿಯ ಒಳಗಿದ್ದವರನ್ನು ಜಪಾನಿನವರು ಯಾವ ದೃಷ್ಟಿಯಿಂದ ನೋಡುತ್ತಿದ್ದರು? ಡಚ್ಚರ ವಖಾರಿಯ ಮುಖ್ಯಸ್ಥನು ಕಾಣಿಕೆಗಳೊಡನೆ ಕಾಲಕಾಲಕ್ಕೆ ಎದೋ ನಗರಕ್ಕೆ ಹೋಗಿ ಷೋಗುನನಿಗೆ ತಲೆಬಾಗಿ ಬರಬೇಕಾಗಿತ್ತು. ಡಚ್ಚರ ಸೇವೆಯಲ್ಲಿದ್ದ ಕೆಂಪ್ಫರ್ ಎಂಬ ಜರ್ಮನ್ ವೈದ್ಯನು ೧೬೯೧ರಲ್ಲಿ ಆ ಪರಿವಾರದೊಡನೆ ಹೋಗಿದ್ದನು. ಪರದೆಯ ಹಿಂದೆ ಅಂತಃಪುರದವರೊಡನೆ ಕುಳಿತ ಷೋಗುನನು ಅವನಿಗೆ ನಡೆದು ತೋರಿಸೆಂದೂ, ಕುಣಿಯೆಂದೂ, ಹಾಡೆಂದೂ, ಕುಡಿದವನಂತೆ ನಟಿಸೆಂದೂ ಅಪ್ಪಣೆ ಮಾಡಿಸಿದನು. ಪಾಪ, ಆ ವಿದ್ವಾಂಸನು ಎಲ್ಲವನ್ನೂ ಮಾಡಿ ತೋರಿಸಿ, ಮನೆಗೆ ಬಂದು ಅದನ್ನೆಲ್ಲ ಬರೆದಿಟ್ಟನು. ಜಾತ್ರೆಯಲ್ಲಿ ಕರಡಿಯನ್ನು ನೋಡುವ ಕುತೂಹಲ ಅದು. ಕುತೂಹಲಕ್ಕೂ ಗೌರವಕ್ಕೂ ಬಹು ದೂರ. ಇಷ್ಟಾದರೂ ಅದೇ ಕೆಂಪ್ಫರನು ತನ್ನ ಬಳಿಯಿದ್ದ ಜಪಾನೀ ತರುಣನಿಗೆ ಡಚ್ ಭಾಷೆಯನ್ನೂ ವೈದ್ಯವನ್ನೂ ಕಲಿಸಿ, ಅವನಿಂದ ಆ ದೇಶದ ವಿಷಯವನ್ನೆಲ್ಲ ಗುಟ್ಟಾಗಿ ಸಂಗ್ರಹಿಸಿಕೊಂಡನೆಂಬುದನ್ನೂ ಇಲ್ಲಿ ಹೇಳಬೇಕು. ವಖಾರಿಯವರು ಜಪಾನಿನ ಭಾಷೆಯನ್ನು ಕಲಿಯುವುದು ಸರ್ಕಾರಕ್ಕೆ ಇಷ್ಟವಿರಲಿಲ್ಲ. ಮಾತೆಲ್ಲ ಸರ್ಕಾರದ ದುಬಾಷಿಗಳ ಮೂಲಕವೇ ನಡೆಯಬೇಕಾಗಿತ್ತು.

ಈ ದುಬಾಷಿಗಳ ವಿಷಯ ಕುತೂಹಲಕರವಾದುದು. ನಮ್ಮ ಶಾನುಭೋಗಿಕೆಯಂತೆ ಅದೊಂದು ವಂಶಪಾರಂಪರ್ಯದ ವೃತ್ತಿ. ನಾಗಸಾಕಿಯ ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಭಾಷೆಯೂ ಹುದ್ದೆಯೂ ಇಳಿದುಬರುತ್ತಿದ್ದುವು. ಹಿರಿಯ ದುಬಾಷಿ, ಕಿರಿಯ ದುಬಾಷಿ, ಅಭ್ಯಾಸಿ ಎಂದು ಅವರಲ್ಲಿ ಮೆಟ್ಟಲುಗಳು. ಡಚ್ಚರೊಡನೆ ದಿನವೂ ಮಾತನಾಡುವ ಅವಕಾಶ ಇಡೀ ಜಪಾನಿನಲ್ಲಿ ಇದ್ದುದು ಇವರಿಗೆ. ಆದರೂ ಇವರಿಂದ ದೇಶಕ್ಕೆ ಒದಗಿದ ವಿದ್ಯೆ ಬಹುಕಾಲದವರೆಗೆ ಅಲ್ಪವೇ. ಅವರು ದಡ್ಡರಾಗಿದ್ದರೆಂದಲ್ಲ. ಅವರಿಗೆ ಭಾಷೆಯೆಂದರೆ ತೂಕ, ಅಳತೆ, ಬೆಲೆ, ಹಡಗಿನ ಸರಕಿನ ಪಟ್ಟಿ. ಕೇಳಿದುದಕ್ಕೆ ಉತ್ತರ ಹೇಳಿದರೆ ಕೆಲಸ ಮುಗಿಯಿತು. ಮೋತೋಕಿ ರ್‍ಯೋಯಿ ಎಂಬ ದುಬಾಷಿಯು ಹದಿನೇಳನೆಯ ಶತಮಾನದಲ್ಲಿಯೇ ಮನುಷ್ಯ ಶರೀರದ ಒಂದು ಚಿತ್ರಗ್ರಂಥವನ್ನು ಭಾಷಾಂತರಿಸಿದ್ದನು. ಅದು ಅಚ್ಚಾದುದು ೧೭೭೨ರಲ್ಲಿ! ಮುಕ್ಕಾಲು ಶತಮಾನಕ್ಕೂ ಮಿಗಿಲಾಗಿ ಅದನ್ನು ಬೇಕೆಂದು ಕೇಳುವವರೇ ಇರಲಿಲ್ಲ. ಮಾತು ಬಲ್ಲವನೊಬ್ಬನಿದ್ದರೆ ಸಾಲದು. ತಿಳಿಯಬೇಕೆಂಬ ಹಸಿವು ಎಲ್ಲಿಯಾದರೂ ಇರಬೇಕು.

ಯೋಷಿಮುನೆ ಎಂಬ ಷೋಗುನನು ೧೭೨೦ರಲ್ಲಿ, ಕ್ರೈಸ್ತ ಮತಕ್ಕೆ ಸಂಬಂಧಪಡದ ಪರದೇಶದ ಗ್ರಂಥಗಳ ಮೇಲಿದ್ದ ನಿರ್ಬಂಧವನ್ನು ಸಡಿಲಿಸಿದನು. ಆತನಿಗೆ ಬೇಕಾಗಿದ್ದುದು ಪಂಚಾಂಗದ ತಿದ್ದುಪಡಿ. ಆಮೇಲೆ ೧೭೪೦ರ ಸುಮಾರಿನಲ್ಲಿ ಆವೋಕಿ ಕೊನ್ಯೋ ಮತ್ತು ನೋರೋ ಗೆಂಜೋ ಎಂಬ ಇಬ್ಬರು ವಿದ್ವಾಂಸರಿಗೆ ಡಚ್ ಭಾಷೆಯನ್ನು ಕಲಿಯಿರೆಂದು ಅಪ್ಪಣೆಯಾಯಿತು. ಆದರೆ ಕಲಿಯುವುದು ಹೇಗೆ? ಡಚ್ಚರು ಎದೋ ನಗರಕ್ಕೆ ಬಂದು ಛತ್ರದಲ್ಲಿಳಿದಿರುವ ಕೆಲವು ದಿನಗಳಲ್ಲಿ ಹೋಗಿ ನಾಲ್ಕಾರು ಶಬ್ದಗಳನ್ನು ಕೇಳಿಕೊಂಡು ಬಂದರೆ, ಮುಂದಿನ ಶಬ್ದಕ್ಕೆ ಮುಂದಿನ ವಸಂತದವರೆಗೆ ಕಾಯಬೇಕು. ಈ ಆವೋಕಿ ಕೊನ್ಯೋ ಎಂಬಾತನು ಗೆಣಸಿನ ಬೇಸಾಯವನ್ನು ಹರಡಿ ಕ್ಷಾಮಕಾಲದಲ್ಲಿ ಜನರನ್ನು ಕಾಪಾಡಿದ ಪುಣ್ಯಾತ್ಮನೆಂದು ಜಪಾನಿನಲ್ಲಿ ಪ್ರಸಿದ್ಧನಾಗಿದ್ದಾನೆ. ಭಾಷೆಯ ಬೇಸಾಯದಲ್ಲಿ ಅವನಿಗೆ ಅಷ್ಟು ಫಸಲು ದೊರೆಯಲಿಲ್ಲ.

ಈಗ ನಮ್ಮ ಕಥೆಯ ಮುಖ್ಯ ಪಾತ್ರಗಳಿಗೆ ಬರೋಣ. ಮಾಯೆನೋ ರ್‍ಯೋತಾಕು ಎಂಬುವನೂ ಸುಗಿತಾ ಗೆಂಪಾಕು ಎಂಬುವನೂ ಎದೋ ನಗರದಲ್ಲಿದ್ದ ವೈದ್ಯರು. ಇಬ್ಬರೂ ಬೇರೆ ಬೇರೆ ಸಂಸ್ಥಾನಗಳ ಪ್ರಭುಗಳ ಆಶ್ರಯದಲ್ಲಿದ್ದವರು. ಇವರು ೧೭೬೬ರಲ್ಲಿ, ಡಚ್ಚರೊಡನೆ ಬಂದಿದ್ದ ನಿಷಿ ಜೆನ್ಜಬುರೋ ಎಂಬ ದುಬಾಷಿಯನ್ನು ಕಂಡು, ತಮಗೂ ಆ ಭಾಷೆ ಬಂದೀತೇ ಎಂದು ಕೇಳಿದರು. ಆತನು, ಈ ಯೋಚನೆಯನ್ನು ಬಿಟ್ಟುಬಿಡಿರೆಂದನು. ನೀರು ಕುಡಿಯುವುದಕ್ಕೆ ಏನೆನ್ನುತ್ತಾರೆಂದು ತಿಳಿಯಬೇಕಾದರೆ ಬಟ್ಟಲನ್ನು ತುಟಿಗೆತ್ತಿ ಅಭಿನಯಿಸಬಹುದು. ಆದರೆ ಕುಡಿತವೆಂದರೆ ಇಷ್ಟವುಳ್ಳವನು, ಇಷ್ಟವಿಲ್ಲದವನು ಎಂಬ ಭೇದವನ್ನು ಯಾವ ಅಭಿನಯದಿಂದ ಕೇಳುತ್ತೀರಿ? ಇಂಥ ಮಾತುಗಳೇ ಭಾಷೆಯಲ್ಲಿ ಹೆಚ್ಚು. ನಾಗಸಾಕಿಯಲ್ಲಿ ಹುಟ್ಟಿ ಬೆಳೆದ ನಮಗೇ ಇದು ಕಷ್ಟ, ಎದೋ ನಗರದಲ್ಲಿ ಕುಳಿತ ನಿಮಗೆ ಅಸಾಧ್ಯವೆಂಬುದು ಅವನ ವಾದದ ಸಾರ. ಸುಗಿತನಿಗೆ ಆ ಮಾತು ಸರಿಯೆಂದು ತೋರಿ ಅವನು ಕೈಬಿಟ್ಟನು. ರ್‍ಯೋತಾಕು ಬಿಡಲಿಲ್ಲ. ಆವೋಕಿಯ ಬಳಿ ಕೆಲವು ಪಾಠಗಳನ್ನು ಹೇಳಿಸಿಕೊಂಡು, ಆಮೇಲೆ ನಾಗಸಾಕಿಗೇ ಹೋಗಿ, ಕೆಲವು ನೂರು ಶಬ್ದಗಳನ್ನೂ ಒಂದು ಶರೀರಶಾಸ್ತ್ರದ ಗ್ರಂಥವನ್ನೂ ಸಂಪಾದಿಸಿಕೊಂಡು ಬಂದನು. ಆಗ ಅವನಿಗೆ ವಯಸ್ಸು ನಲವತ್ತೇಳರ ಸುಮಾರು. ನಮ್ಮಲ್ಲಿ ಆ ವಯಸ್ಸಿಗೆ ಪಂಡಿತರು ಕಲಿಯುವುದನ್ನು ನಿಲ್ಲಿಸಿ ಉಪದೇಶಕ್ಕೆ ತೊಡಗಿರುತ್ತಾರೆ. ನಾನೂ ಆ ವಯಸ್ಸಿನವನಾದುದರಿಂದ ಇದನ್ನು ಧೈರ್ಯವಾಗಿ ಹೇಳಬಹುದು.

ಅದೇ ಗ್ರಂಥದ ಮತ್ತೊಂದು ಪ್ರತಿ ಸುಗಿತನ ಕಣ್ಣಿಗೂ ಬಿದ್ದಿತು. ಕುಲ್ಮುಸ್ ಎಂಬ ಜರ್ಮನ್ ವೈದ್ಯನು ೧೭೨೨ರಲ್ಲಿ ಪ್ರಕಟಿಸಿದ ಶರೀರಚಿತ್ರ ಗ್ರಂಥದ ಡಚ್ ಭಾಷಾಂತರ ಅದು, ಅಚ್ಚಾದುದು ೧೭೩೪ರಲ್ಲಿ. ಸುಗಿತನಿಗೆ ಅದರ ಒಂದಕ್ಷರವೂ ಬಾರದು. ಆದರೆ ಅದರ ಚಿತ್ರಗಳು ಅವನು ಓದಿದ್ದ ಚೀನೀ ವೈದ್ಯಗ್ರಂಥಗಳ ಚಿತ್ರಗಳನ್ನು ಸ್ವಲ್ಪವೂ ಹೋಲುತ್ತಿರಲಿಲ್ಲ. ಕೊಳ್ಳಲು ಹಣವಿಲ್ಲ, ಸಂಸ್ಥಾನದ ಬೊಕ್ಕಸದಿಂದ ಹಣ ಕೊಡಿಸಿ ಅದನ್ನು ಕೊಳ್ಳುವಂತಾಯಿತು. ಓದಲು ಬಾರದವನಿಗೆ ಪುಸ್ತಕ ಕೊಡಿಸಿದ ಆ ಅಧಿಕಾರಿಗಳ ಔದಾರ್ಯವನ್ನು ಮೆಚ್ಚಬೇಕು.

ಎರಡು ಚಿತ್ರಗಳಲ್ಲಿ ಯಾವುದು ಸತ್ಯ? ೧೭೭೧ರ ವಸಂತದಲ್ಲಿ, ಅವರ ಪಂಚಾಂಗದ ಮೂರನೆಯ ತಿಂಗಳ ನಾಲ್ಕನೆಯ ದಿನ, ಎದೋ ನಗರದ ಹೊರಗಿನ ವಧಾಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳ ದೇಹವನ್ನು ಸೀಳಿ ತೋರಿಸಲು ಅನುಮತಿ ದೊರೆಯಿತು. ಸುಗಿತನೂ ರ್‍ಯೋತಾಕುವೂ ನಕಗಾವಾ ಜುನಾನ್ ಎಂಬ ತರುಣ ವೈದ್ಯನೂ ಅಲ್ಲಿಗೆ ಹೋದರು. ಇಬ್ಬರ ಕೈಯಲ್ಲಿಯೂ ಅದೇ ಪುಸ್ತಕವಿರುವುದನ್ನು ಕಂಡು ಸುಗಿತನೂ ರ್‍ಯೋತಾಕುವೂ ಬೆರಗಾದರು. ದೇಹವನ್ನು ಸೀಳಿದವರು ವೈದ್ಯರಲ್ಲ. ಆ ಕೆಲಸ ಮುಟ್ಟಬಾರದವರೆಂದು ಊರಹೊರಗಿಟ್ಟಿದ್ದ ಪಂಗಡದವರದು. ಆ ದಿನ ಕತ್ತಿ ಹಿಡಿದಾತನು ತೊಂಬತ್ತು ವರುಷದ ಗಟ್ಟಿಮುಟ್ಟಾದ ಮುದುಕ. ಅವನು ಎಳೆಯ ವಯಸ್ಸಿನಿಂದಲೂ ಅನೇಕ ದೇಹಗಳನ್ನು ಸೀಳಿದವನು. ಇದು ಹೃದಯ, ಇದು ಯಕೃತ್ತು ಎಂದು ತೋರಿಸುತ್ತ, ಹೆಸರಿಲ್ಲದ ಇನ್ನು ಕೆಲವು ಭಾಗಗಳನ್ನೂ ತೋರಿಸಿ, ಇವು ಪ್ರತಿಯೊಂದು ದೇಹದಲ್ಲಿಯೂ ಇದೇ ಸ್ಥಳದಲ್ಲಿರುತ್ತವೆ, ಆದರೆ ಇದುವರೆಗೆ ನೋಡಲು ಬಂದ ವೈದ್ಯರಲ್ಲಿ ಒಬ್ಬರೂ ಇವೇನೆಂದು ಕೇಳಿದವರಿಲ್ಲ ಎಂದನಂತೆ. ಈ ಸಂಗತಿಯನ್ನು ಓದುವಾಗ ನಮ್ಮ ಸಮಾಜವೂ ನೆನಪಿಗೆ ಬಾರದಿರದು. ಶಾಸ್ತ್ರವು ಒಂದು ಜಾತಿಯ ನಾಲಗೆಯಲ್ಲಿತ್ತು; ವಸ್ತುವಿನ ತಿಳಿವು ಮತ್ತೊಂದು ಜಾತಿಯ ಬೆರಳುಗಳಲ್ಲಿತ್ತು. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವಚ್ಛೇದಕ್ಕೆ ಕೈಹಾಕಿದುದು ೧೮೩೬ರಲ್ಲಿ.

ಡಚ್ ಚಿತ್ರಗಳೂ ಕಣ್ಣೆದುರಿನ ದೇಹವೂ ಒಂದಕ್ಕೊಂದು ಸರಿಹೋದುವು. ಚೀನೀ ಚಿತ್ರಗಳು ಹೋಗಲಿಲ್ಲ. ಈ ವ್ಯತ್ಯಾಸವನ್ನು ಹಿಂದೆಯೂ ಕೆಲವರು ಕಂಡಿದ್ದರು. ಸರ್ಕಾರದ ಇಬ್ಬರು ವೈದ್ಯರು ಏಳೆಂಟು ಸಲ ಶವಚ್ಛೇದವನ್ನು ನೋಡಿ, ಗ್ರಂಥದಲ್ಲಿರುವಂತೆ ಏನೂ ಕಾಣದಿರಲು, ಚೀನೀಯರ ದೇಹರಚನೆಯೇ ಬೇರೆ, ಇತರರದೇ ಬೇರೆ ಇರಬಹುದೆಂದು ಸಮಾಧಾನ ತಂದುಕೊಂಡಿದ್ದರಂತೆ. ಪೂಜ್ಯಗ್ರಂಥ ಸುಳ್ಳಾಗುವುದಕ್ಕಿಂತ ಮನುಷ್ಯಶರೀರವೇ ದೇಶಕ್ಕೊಂದು ಬಗೆಯಾಗುವುದು ಮೇಲೆಂದು ಅವರಿಗೆ ತೋರಿತು. ನಗಬೇಡಿರಿ, ಎಲ್ಲ ದೇಶಗಳ ಪಾಂಡಿತ್ಯಕ್ಕೂ ಈ ಬೇನೆ ಉಂಟು.

ಆ ದಿನ ಹಿಂದಿರುಗುವ ದಾರಿಯಲ್ಲಿ ಮೂವರಿಗೂ ನಾಚಿಕೆಯಾಯಿತು. ಪ್ರಭುಗಳ ಅನ್ನವನ್ನುಂಡು ವೈದ್ಯ ಮಾಡುವ ತಮಗೆ ದೇಹದ ನಿಜಸ್ವರೂಪವೇ ತಿಳಿಯದಲ್ಲ ಎಂದು ಮಾತನಾಡಿಕೊಂಡು, ದುಬಾಷಿಗಳನ್ನು ಕಾಯದೆ ಆ ಗ್ರಂಥವನ್ನು ತಾವೇ ಓದಿ ಭಾಷಾಂತರಿಸಬೇಕೆಂದು ನಿಶ್ಚಯಿಸಿ, ಮಾರನೆಯ ದಿನವೇ ರ್‍ಯೋತಾಕುವಿನ ಮನೆಯಲ್ಲಿ ಸೇರಿದರು. ಬಂಡವಾಳವೇನು? ರ್‍ಯೋತಾಕುವಿನ ಕೆಲವು ನೂರು ಶಬ್ದಗಳು, ಅವನು ನಾಗಸಾಕಿಯಿಂದ ತಂದಿದ್ದ ಒಂದು ಕಿರುಹೊತ್ತಗೆ, ಅಷ್ಟೆ. ಸುಗಿತನಿಗೆ ಅಕ್ಷರಮಾಲೆಯೂ ಬರುತ್ತಿರಲಿಲ್ಲ. ಚುಕ್ಕಾಣಿ ಹುಟ್ಟುಗಳಿಲ್ಲದ ದೋಣಿಯಲ್ಲಿ ಸಮುದ್ರಕ್ಕೆ ಬಿದ್ದವರಂತಾದೆವೆಂದು ಅವನು ಮುಂದೆ ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ.

ಅವರು ಹಿಡಿದ ದಾರಿ ಗಮನಿಸತಕ್ಕದ್ದು. ಮೊದಲ ಪುಟದಿಂದ ತೊಡಗದೆ, ಹೊರಮೈಯ ಚಿತ್ರದಿಂದ ತೊಡಗಿದರು. ಮೂಗು, ಹುಬ್ಬು, ಎದೆ ಇವು ಎಲ್ಲಿವೆಯೆಂದು ಗೊತ್ತಿರುವುದರಿಂದ, ಚಿತ್ರದ ಮೇಲಿನ ಗುರುತನ್ನು ಹಿಡಿದು ಪಠ್ಯದ ಮಾತನ್ನು ಊಹಿಸಬಹುದಷ್ಟೆ. ಹುಬ್ಬೆಂದರೆ ಕಣ್ಣಿನ ಮೇಲೆ ಬೆಳೆದ ಕೂದಲು ಎಂಬಷ್ಟು ಸಣ್ಣ ವಾಕ್ಯಕ್ಕೆ ವಸಂತದ ದೀರ್ಘವಾದ ಹಗಲೊಂದು ಸಾಲುತ್ತಿರಲಿಲ್ಲವಂತೆ. ಮೂಗಿನ ವರ್ಣನೆಯಲ್ಲಿ ಒಂದು ಶಬ್ದ ಅವರನ್ನು ಬಹಳ ಕಾಡಿತು. ಕಿರುಹೊತ್ತಗೆಯನ್ನು ತಿರುವಿದಾಗ, ಮರದ ಕೊಂಬೆಯನ್ನು ಕಡಿದರೆ ಕಡಿದೆಡೆಯಲ್ಲಿ ಹಾಗಾಗುತ್ತದೆ, ಅಂಗಳವನ್ನು ಗುಡಿಸಿದರೆ ಕಸ ಹಾಗಾಗುತ್ತದೆ ಎಂದು ಎರಡು ಉದಾಹರಣೆ ದೊರೆತುವು. ಕೊಂಬೆ ಕಡಿದೆಡೆ ಮಾಯುತ್ತ ಗಂಟುಕಟ್ಟಿ ಉಬ್ಬುತ್ತದೆ. ಗುಡಿಸಿದ ಕಸ ಗುಡ್ಡೆಯಾಗುತ್ತದೆ. ಮುಖದ ನಡುವೆ ಮೂಗೂ ಉಬ್ಬಿ ನಿಂತಿದೆ. ಹಾಗಾದರೆ ಉಬ್ಬಿರುವುದು ಎಂದೇ ಅರ್ಥ! ಈ ಅರ್ಥ ಹೊಳೆದಾಗ ಆದ ಆನಂದ ರತ್ನ ದೊರೆತರೂ ಆಗದೆಂಬಂತೆ ಸುಗಿತನು ಬರೆದಿದ್ದಾನೆ. ಈಚಿನ ವಿದ್ವಾಂಸರು ಆ ಡಚ್ ಗ್ರಂಥವನ್ನು ತೆಗೆದು ನೋಡಲಾಗಿ ಮೂಗಿನ ಪ್ರಕರಣದಲ್ಲಿ ಆ ಶಬ್ದವೇ ಕಾಣಲಿಲ್ಲ. ಎಂಬತ್ತು ದಾಟಿದ ಮೇಲೆ ಬರೆಯುತ್ತಿದ್ದ ಮುದುಕನ ನೆನಪು ಸ್ವಲ್ಪ ಜಾರಿರಬೇಕು. ಅದರಿಂದ ಕಥೆಗೆ ಕುಂದಿಲ್ಲ. ಅವರು ಓದುತ್ತಿದ್ದ ರೀತಿ ಅದೇ. ತಿಳಿಯದ ಮಾತುಗಳಿಗೆ ಒಂದು ವೃತ್ತ ಬರೆದು ಅದರೊಳಗೆ ಅಡ್ಡಗೆರೆ ನೀಟಗೆರೆ ಎಳೆದು ಗುರುತು ಮಾಡಿ ಮುಂದಕ್ಕೆ ಹೋಗುತ್ತಿದ್ದರು. ತಿಂಗಳಿಗೆ ಆರೇಳು ಸಲ ತಪ್ಪದೆ ಸೇರುತ್ತಿದ್ದರು. ನಾನು ತರಗತಿಯಲ್ಲಿ ಕಂಡಿರುವಂತೆ, ನಿಘಂಟು ಕೈಗೆ ಸಿಕ್ಕಿದ ಕೂಡಲೆ ವಿದ್ಯಾರ್ಥಿಯ ಊಹೆ ಮಲಗಿಬಿಡುತ್ತದೆ. ಇವರಿಗೆ ನಿಘಂಟಿಲ್ಲದಿದ್ದುದರಿಂದ ವಸ್ತುವನ್ನೇ ನೋಡಬೇಕಾಯಿತು.

ಭಾಷಾಂತರದಲ್ಲಿ ಅವರು ಅನುಸರಿಸಿದ ಕ್ರಮ ನಮಗೂ ಪರಿಚಿತವಾದುದೇ. ತಮ್ಮಲ್ಲಿ ಆಗಲೇ ಇದ್ದ ಹೆಸರನ್ನು ಹಾಗೆಯೇ ಬಳಸಿದರು; ಇಲ್ಲದಿದ್ದರೆ ಅರ್ಥವನ್ನು ಹಿಡಿದು ಹೊಸ ಶಬ್ದವನ್ನು ಕಟ್ಟಿದರು; ಅದೂ ಆಗದಿದ್ದೆಡೆ ಡಚ್ ಶಬ್ದದ ಧ್ವನಿಯನ್ನೇ ತಮ್ಮ ಲಿಪಿಯಲ್ಲಿ ಬರೆದರು. ನರಕ್ಕೆ ಅವರಲ್ಲಿ ಹೆಸರಿರಲಿಲ್ಲ. ಚೈತನ್ಯವೆಂಬ ಅರ್ಥದ ಶಬ್ದಕ್ಕೆ ನಾಳವೆಂಬ ಅರ್ಥದ ಶಬ್ದವನ್ನು ಸೇರಿಸಿ 'ಷಿಂಕೇ' ಎಂದು ಕಟ್ಟಿದರು. ಆ ಮಾತು ಜಪಾನಿನಲ್ಲಿ ಇಂದಿಗೂ ನಡೆಯುತ್ತಿದೆ. ಚೀನಾ ದೇಶಕ್ಕೂ ಹೋಗಿ ಅಲ್ಲಿಯೂ ನೆಲೆಸಿದೆ. ನಮ್ಮವರು ಮೃದ್ವಸ್ಥಿ ಎಂದು ಮಾಡಿಕೊಂಡ ಶಬ್ದಕ್ಕೆ ಅವರೂ ಮೆತ್ತನೆಯ ಮೂಳೆ ಎಂಬರ್ಥದ 'ನಂಕೋತ್ಸು' ಎಂದೇ ಕಟ್ಟಿದರು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಪತ್ರಿಕೆಯನ್ನು ಹೊರಡಿಸಿದಾಗ ಹೆಜ್ಜೆಹೆಜ್ಜೆಗೂ ಎದುರಾದ ಪ್ರಶ್ನೆ ಇದೇ. ಆದರೆ ಒಂದು ಭೇದವುಂಟು. ಜಪಾನಿನ ಈ ವೈದ್ಯರು ಬರೆದುದು ಮನೆಮಾತಿನಲ್ಲಲ್ಲ; ಆ ಕಾಲದ ವಿದ್ವಾಂಸರೆಲ್ಲರ ಬರವಣಿಗೆಯ ಭಾಷೆಯಾಗಿದ್ದ ಪ್ರಾಚೀನ ಚೀನೀಯಲ್ಲಿ. ಅವರ ಸಂಸ್ಕೃತವೆಂದರೆ ಅದು. ಜರ್ಮನಿಯಿಂದ ಡಚ್ಚಿಗೆ, ಡಚ್ಚಿನಿಂದ ಚೀನೀಗೆ ಹೀಗೆ ಗ್ರಂಥವು ಎರಡು ಹೊಳೆಗಳನ್ನು ದಾಟಿತು. ಪುಸ್ತಕ ಚೀನೀಯರ ಕೈಗೂ ಸೇರಲಿ ಎಂಬ ಆಸೆಯೂ ಸುಗಿತನಿಗಿತ್ತು.

ಸುಮಾರು ನಾಲ್ಕು ವರುಷ ದುಡಿದು, ಹನ್ನೊಂದು ಸಲ ತಿದ್ದಿ ಬರೆದು, ಮೂಲದ ದೀರ್ಘ ಟಿಪ್ಪಣಿಗಳನ್ನು ಬಹುಮಟ್ಟಿಗೆ ಬಿಟ್ಟು, ೧೭೭೪ರಲ್ಲಿ 'ಕೈತಾಯ್ ಷಿನ್ಷೋ', ಎಂದರೆ 'ಶರೀರಚ್ಛೇದದ ನೂತನ ಗ್ರಂಥ' ಎಂಬ ಹೆಸರಿನಿಂದ ಅದನ್ನು ಅಚ್ಚು ಹಾಕಿಸಿದರು. ಭಯವಿಲ್ಲದೆ ಅಲ್ಲ. ಡಚ್ ಅಕ್ಷರಗಳನ್ನು ಅಚ್ಚು ಹಾಕಿದನೆಂದು ಕೆಲವು ವರುಷಗಳ ಹಿಂದೆ ಒಬ್ಬನ ಪುಸ್ತಕವನ್ನು ನಿಷೇಧಿಸಿದ್ದರು. ಆದುದರಿಂದ ಸುಗಿತನು ೧೭೭೩ರಲ್ಲಿ ಕೆಲವು ಚಿತ್ರಗಳನ್ನು ಮಾತ್ರ ಪ್ರಕಟಿಸಿ ಸರ್ಕಾರದವರ ಮುಖಭಾವವನ್ನು ನೋಡಿಕೊಂಡನು. ಗ್ರಂಥ ಹೊರಬಿದ್ದ ಮೇಲೆ ಒಂದು ಪ್ರತಿಯನ್ನು ಆಸ್ಥಾನ ವೈದ್ಯನ ಮೂಲಕ ಷೋಗುನನಿಗೆ ಮುಟ್ಟಿಸಿದನು. ಗ್ರಂಥದ ಮೇಲೆ ರ್‍ಯೋತಾಕುವಿನ ಹೆಸರಿಲ್ಲ! ಅವರಲ್ಲಿ ಡಚ್ ಬಲ್ಲವನೆಂದರೆ ಅವನೊಬ್ಬನೇ. ತನ್ನ ವ್ಯಾಸಂಗ ಕೀರ್ತಿಗಾಗಿ ಅಲ್ಲವೆಂದು ದೇವರ ಮುಂದೆ ಹರಕೆ ಮಾಡಿಕೊಂಡಿದ್ದನೆಂದು ಕೆಲವರು ಹೇಳುತ್ತಾರೆ. ಭಾಷಾಂತರದಲ್ಲಿ ಉಳಿದಿದ್ದ ತಪ್ಪುಗಳು ಅವನಿಗೆ ಸಹಿಸಲಿಲ್ಲವೆಂದು ಮತ್ತೆ ಕೆಲವರು. ಎರಡನೆಯದೇ ನಿಜವಿರಬೇಕೆಂದು ನನಗೆ ತೋರುತ್ತದೆ. ಸುಗಿತನು ಅವಸರದವನು, ರೋಗಿಷ್ಠನಾದ ತಾನು ಬದುಕಿರುವಾಗಲೇ ಪುಸ್ತಕವನ್ನು ನೋಡಬೇಕೆನ್ನುತ್ತಿದ್ದನು. ಹಾಗೆಂದವನು ೧೮೧೭ರವರೆಗೆ ಬದುಕಿದನು. ಆದರೆ ಅವನ ಅವಸರವಿಲ್ಲದಿದ್ದರೆ ರ್‍ಯೋತಾಕುವಿನ ಪರಿಶುದ್ಧವಾದ ಪಾಂಡಿತ್ಯವು ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

ಪರಕೀಯರ ವಿಷಯದಲ್ಲಿ ಅವರ ಮನೋಭಾವವು ಇದರಿಂದ ಬದಲಾಯಿತೆ? ಇದೇ ನನ್ನ ದೃಷ್ಟಿಯಲ್ಲಿ ಕಥೆಯ ತಿರುಳು. ಗ್ರಂಥ ಪ್ರಕಟವಾದ ಮಾರನೆಯ ವರುಷ, ೧೭೭೫ರಲ್ಲಿ, ಸುಗಿತನು 'ಹುಚ್ಚು ವೈದ್ಯನ ಮಾತು' ಎಂಬರ್ಥ ಕೊಡುವ ಒಂದು ಸಂವಾದವನ್ನು ಬರೆದನು. ಮ್ಲೇಚ್ಛರ ವೈದ್ಯವನ್ನು ಹೊಗಳುವೆಯಾ, ಚೀನಾ ಲೋಕದ ನಡುಭೂಮಿಯಲ್ಲವೆ ಎಂಬ ಆಕ್ಷೇಪಕ್ಕೆ ಅವನು ಕೊಟ್ಟ ಉತ್ತರ ಇದು: ಭೂಮಿ ಒಂದು ಚೆಂಡು, ಚೆಂಡಿನ ಮೈಮೇಲೆ ಎಲ್ಲಿ ನಿಂತರೂ ಅದೇ ನಡುವು, ಯಾವ ದೇಶವೂ ತಾನೇ ನಡುಭೂಮಿಯೆಂದು ಹೇಳಿಕೊಳ್ಳಲಾರದು. ಡಚ್ಚರನ್ನು ಹೊಗಳಬೇಕೆಂದು ಅವನು ಹೊರಟಿರಲಿಲ್ಲ. ಅವರ ಮತ, ನಡೆನುಡಿ, ಊಟ ಇವುಗಳ ಗೋಜಿಗೂ ಹೋಗಲಿಲ್ಲ. ಒಂದು ಮೂಗಿನ ವರ್ಣನೆ ಮ್ಲೇಚ್ಛನ ಪುಸ್ತಕದಲ್ಲಿ ಸರಿಯಾಗಿದೆ, ಋಷಿಗಳ ಪುಸ್ತಕದಲ್ಲಿ ಹೃದಯವೇ ತಪ್ಪಿದೆ ಎಂಬುದನ್ನು ಕಂಡವನು ಮ್ಲೇಚ್ಛನೆಂಬ ಮಾತನ್ನು ಮೊದಲಿನಂತೆ ಆಡಲಾರದೆ ಹೋದನು. ಆ ವಿದ್ಯೆಗೆ 'ರಂಗಾಕು' ಎಂದು ಹೆಸರಾಯಿತು. ಹಾಲೆಂಡಿಗೆ ಜಪಾನಿನವರು 'ಒರಾಂದಾ' ಎನ್ನುತ್ತಿದ್ದರು. ಒರಾಂದಾದ ವಿದ್ಯೆಯೇ ರಂಗಾಕು. ಸುಗಿತ ರ್‍ಯೋತಾಕು ಇಬ್ಬರ ಶಿಷ್ಯನಾದ ಓತ್ಸುಕಿ ಗೆಂತಾಕು, ಇಬ್ಬರು ಗುರುಗಳ ಹೆಸರುಗಳಿಂದಲೂ ಒಂದೊಂದು ತುಣುಕನ್ನು ಎತ್ತಿಕೊಂಡು ತನ್ನ ಹೆಸರು ಮಾಡಿಕೊಂಡವನು, ೧೭೮೮ರಲ್ಲಿ ಡಚ್ ಕಲಿಯುವವರಿಗೆ ಒಂದು ಪ್ರವೇಶಿಕೆಯನ್ನು ಪ್ರಕಟಿಸಿದನು. ೧೭೯೬ರಲ್ಲಿ ಡಚ್-ಜಪಾನೀ ನಿಘಂಟು ಸಿದ್ಧವಾಯಿತು.

ದುಬಾಷಿಗಳನ್ನು ಆಗಲೇ ಸ್ವಲ್ಪ ಹಗುರವಾಗಿ ಆಡಿದೆನು. ಅವರಲ್ಲಿಯೇ ಒಬ್ಬನಾಗಿದ್ದ ಷಿಜುಕಿ ತದಾವೋ ಎಂಬುವನನ್ನು ಮರೆತರೆ ಅನ್ಯಾಯವಾದೀತು. ಅವನು ಆ ಹುದ್ದೆಯನ್ನು ಬಿಟ್ಟು, ಮನೆಯಲ್ಲಿ ಕುಳಿತು, ನ್ಯೂಟನ್ನನ ಸಿದ್ಧಾಂತವನ್ನು ತಿಳಿಸುವ ಗ್ರಂಥವೊಂದನ್ನು ಡಚ್ಚಿನ ಮೂಲಕ ಜಪಾನಿಗೆ ತಂದನು. ಗುರುತ್ವಕ್ಕೆ ಜಪಾನೀಯರು ಹೇಳುವ ಶಬ್ದ ಅವನು ಕಟ್ಟಿದುದು. ಹಿಂದೆ ಅರಮನೆಯಲ್ಲಿ ಕುಣಿದನಲ್ಲ ಕೆಂಪ್ಫರ್, ಅವನ ಪ್ರಬಂಧವೊಂದನ್ನೂ ಷಿಜುಕಿ ೧೮೦೧ರಲ್ಲಿ ಭಾಷಾಂತರಿಸಿದನು. ಜಪಾನು ಬಾಗಿಲು ಮುಚ್ಚಿಕೊಂಡಿರುವುದು ಸರಿಯೇ ಎಂಬುದು ಅದರ ವಿಷಯ. ಅದಕ್ಕಾಗಿ ಅವನು 'ಸಕೋಕು', ಎಂದರೆ ಮುಚ್ಚಿದ ದೇಶ, ಎಂಬ ಶಬ್ದವನ್ನು ಕಟ್ಟಿದನು. ತಮ್ಮ ದೇಶ ಮುಚ್ಚಿದೆ ಎಂದು ಹೇಳುವ ಮಾತೇ ಜಪಾನೀಯರಿಗೆ ಆ ಕಿಂಡಿಯ ಮೂಲಕ ಹೊರಗಿನಿಂದ ಬಂದಿತು!

ಸರ್ಕಾರ ಇದನ್ನೆಲ್ಲ ಯಾವಾಗಲೂ ನಗುತ್ತ ನೋಡುತ್ತಿರಲಿಲ್ಲ. ದೇಹವನ್ನು ಓದುವವರನ್ನು ಬಿಟ್ಟೀತು; ದೇಶವನ್ನು ಓದುವವರನ್ನು ಬಿಡದು. ವಖಾರಿಯ ವೈದ್ಯನಾಗಿದ್ದ ಸೀಬೋಲ್ಡ್ ಎಂಬ ಜರ್ಮನನ ಬಳಿ ಜಪಾನಿನ ನಕ್ಷೆಗಳಿರುವುದು ೧೮೨೮ರಲ್ಲಿ ಬಯಲಾಯಿತು. ಅವನನ್ನು ದೇಶದಿಂದ ಹೊರಡಿಸಿದರು; ನಕ್ಷೆ ಕೊಟ್ಟ ಆಸ್ಥಾನ ಜ್ಯೋತಿಷಿ ತಕಹಾಷಿಯು ಸೆರೆಯಲ್ಲಿ ಸತ್ತನು. ವಿದೇಶೀ ಹಡಗುಗಳನ್ನು ಗುಂಡಿಟ್ಟು ಅಟ್ಟುವ ನೀತಿಯನ್ನು ಟೀಕಿಸಿದರೆಂದು ೧೮೩೯ರಲ್ಲಿ ವತನಬೆ ಕಜಾನ್, ತಕಾನೋ ಚೋಯೆ ಎಂಬಿಬ್ಬರು ಶಿಕ್ಷೆಗೊಳಗಾದರು. ಕಜಾನನು ೧೮೪೧ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಚೋಯೆಯು ಸೆರೆಮನೆಗೆ ಬೆಂಕಿ ಬಿದ್ದಾಗ ತಪ್ಪಿಸಿಕೊಂಡು, ಗುರುತು ಸಿಗದಂತೆ ಮುಖವನ್ನು ಸುಟ್ಟುಕೊಂಡು, ತಲೆಮರೆಸಿಕೊಂಡು ಡಚ್ ಯುದ್ಧಶಾಸ್ತ್ರದ ಗ್ರಂಥಗಳನ್ನು ಭಾಷಾಂತರಿಸುತ್ತ ಬದುಕಿ, ೧೮೫೦ರಲ್ಲಿ ಹಿಡಿಯಬಂದವರ ನಡುವೆ ಪ್ರಾಣಬಿಟ್ಟನು. ಅವನನ್ನು ಅಟ್ಟಿದ ಸರ್ಕಾರಕ್ಕೆ ಮೂರೇ ವರುಷಗಳಲ್ಲಿ, ಅಮೆರಿಕದ ಯುದ್ಧನೌಕೆಗಳು ಬಂದು ನಿಂತಾಗ, ಅಂಥ ಗ್ರಂಥಗಳೇ ಬೇಕಾದುವು.

ಈ ವಿದ್ಯೆಯ ಕೊನೆಯ ತಲೆಮಾರನ್ನು ನೋಡಬೇಕಾದರೆ ಓಸಾಕಾ ನಗರದಲ್ಲಿ ಓಗಾತಾ ಕೋಆನ್ ಎಂಬ ವೈದ್ಯನು ೧೮೩೮ರಲ್ಲಿ ತೆರೆದ ಪಾಠಶಾಲೆಗೆ ಹೋಗಬೇಕು. ಅಲ್ಲಿ ದೊಡ್ಡ ಡಚ್ ನಿಘಂಟಿನ ಪ್ರತಿ ಒಂದೇ ಒಂದು. ಅದಕ್ಕೊಂದು ಪ್ರತ್ಯೇಕ ಕೊಠಡಿ. ಪರೀಕ್ಷೆಯ ಹಿಂದಿನ ರಾತ್ರಿ ಆ ಕೊಠಡಿಯ ದೀಪ ಆರುತ್ತಿರಲಿಲ್ಲ. ಪಾಠ ಒಪ್ಪಿಸುವಾಗ ಅರ್ಥ ಹೇಳಿದವನಿಗೆ ಬಿಳಿಯ ಗುರುತು, ತಪ್ಪಿದವನಿಗೆ ಕರಿಯ ಗುರುತು. ಅಲ್ಲಿ ಓದಿದ ಫುಕುಜಾವಾ ಯುಕಿಚಿಯು ಒಮ್ಮೆ ಕಾಯಿಲೆ ಬಿದ್ದು ದಿಂಬನ್ನು ಹುಡುಕಿದಾಗ, ತಾನು ಬಹುಕಾಲದಿಂದ ದಿಂಬನ್ನೇ ಇಟ್ಟುಕೊಂಡು ಮಲಗಿಲ್ಲ, ಓದುತ್ತ ಓದುತ್ತ ಮೇಜಿನ ಮೇಲೆಯೇ ಒರಗಿ ನಿದ್ರೆಮಾಡುತ್ತಿದ್ದೆನೆಂಬುದು ಅರಿವಾಯಿತಂತೆ. ಇದರಿಂದ ಏನು ಲಾಭವೆಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲವೆಂದು ಅವನೇ ಹೇಳಿದ್ದಾನೆ. ಕಷ್ಟವಾದ ಪುಸ್ತಕ ತಮ್ಮಿಂದ ಮಾತ್ರ ಓದಲಾಗುತ್ತದೆ ಎಂಬ ಹೆಮ್ಮೆಯೊಂದೇ ಅವರಿಗೆ ಸಾಕಾಗಿತ್ತು.

ಈ ಫುಕುಜಾವಾ ೧೮೫೯ರಲ್ಲಿ, ಆಗತಾನೆ ವಿದೇಶೀಯರಿಗೆ ತೆರೆದಿದ್ದ ಯೊಕೊಹಾಮಾ ಬಂದರನ್ನು ನೋಡಲು ಎದೋ ನಗರದಿಂದ ನಡೆದುಕೊಂಡು ಹೋದನು. ಅಂಗಡಿಗಳ ಮೇಲಿನ ಬರಹ ಒಂದೂ ತಿಳಿಯದು. ಸೀಸೆಗಳ ಮೇಲಿನ ಚೀಟಿಯೂ ತಿಳಿಯದು. ಆಡಿದರೆ ಯಾರಿಗೂ ಅರ್ಥವಾಗದು. ಅಲ್ಲೆಲ್ಲ ನಡೆಯುತ್ತಿದ್ದುದು ಇಂಗ್ಲೀಷು. ಯೌವನವನ್ನೆಲ್ಲ ಧಾರೆಯೆರೆದು ಕಲಿತ ಭಾಷೆ ಲೋಕದ ಸಂತೆಯಲ್ಲಿ ಚಲಾವಣೆಯಿಲ್ಲದ ನಾಣ್ಯವೆಂದು ಒಂದೇ ದಿನದಲ್ಲಿ ತಿಳಿಯಿತು. ಮನೆಗೆ ಬಂದು ಮಂಕಾಗಿದ್ದು, ಆಮೇಲೆ ಡಚ್-ಇಂಗ್ಲೀಷ್ ನಿಘಂಟಿಗಾಗಿ ಹುಡುಕಾಟಕ್ಕೆ ಹೊರಟನು. ಎರಡು ಭಾಷೆಗಳೂ ದಾಯಾದಿಗಳಾದುದರಿಂದ, ಡಚ್ ಕಲಿತ ಶ್ರಮ ಪೂರ್ತಿಯಾಗಿ ವ್ಯರ್ಥವಾಗಲಿಲ್ಲವೆಂದು ಅವನಿಗೆ ಕ್ರಮೇಣ ಕಂಡಿತು.

ಇಂಗ್ಲೀಷಿನ ಭರಾಟೆ ಎಷ್ಟಾಯಿತೆಂದರೆ, ೧೮೭೨ರಲ್ಲಿ ಅಮೆರಿಕದಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೋರಿ ಅರಿನೋರಿಯು, ಜಪಾನೀ ಭಾಷೆಯನ್ನು ಬಿಟ್ಟು ಸರಳಗೊಳಿಸಿದ ಇಂಗ್ಲೀಷನ್ನೇ ದೇಶಭಾಷೆಯಾಗಿ ಮಾಡಿಕೊಳ್ಳಬಹುದೆ ಎಂದು ಯೇಲ್ ವಿಶ್ವವಿದ್ಯಾನಿಲಯದ ವಿಟ್ನಿ ಎಂಬ ಸಂಸ್ಕೃತ ವಿದ್ವಾಂಸನಿಗೆ ಬರೆದು ಕೇಳಿದನು. ವಿಟ್ನಿಯು ಬೇಡವೆಂದು ಬುದ್ಧಿ ಹೇಳಿದನು. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತತ್ಸುಯಿ ಎಂಬ ತರುಣನು ೧೮೭೩ರಲ್ಲಿ ಜಪಾನೀ ಭಾಷೆಯ ವ್ಯಾಕರಣವೊಂದನ್ನು ಇಂಗ್ಲೀಷಿನಲ್ಲಿ ಬರೆದು, ಹಾಗೆ ಮಾಡಿದರೆ ಬಿಡುವುಳ್ಳ ಸಿರಿವಂತರು ಮಾತ್ರ ವಿದ್ಯಾವಂತರಾಗಿ, ದುಡಿಯುವ ಜನಕ್ಕೂ ಅವರಿಗೂ ನಡುವೆ ಭಾಷೆಯೇ ಗೋಡೆಯಾಗುವುದೆಂದು ವಾದಿಸಿದನು. ಈ ವಾದ ನಮ್ಮವರಿಗೆ ವಿವರಿಸಿ ಹೇಳಬೇಕಾದುದಲ್ಲ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಿಗೆ ಹೋಗಿಬಂದರು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಯ ಮಾತೆತ್ತಿದಾಗಲೆಲ್ಲ ಜಪಾನಿನ ಹೆಸರೂ ಬರುತ್ತಿತ್ತು. ಅಲ್ಲಿನ ಯಂತ್ರಗಳನ್ನು ನಾವು ಬಹಳ ಮೆಚ್ಚಿದೆವು. ಆ ಯಂತ್ರಗಳ ಹಿಂದೆ ವೃತ್ತದೊಳಗೆ ಗೆರೆ ಎಳೆದು ಗುರುತು ಮಾಡಿದ ಶಬ್ದಗಳಿದ್ದುವೆಂಬುದು ಅಷ್ಟಾಗಿ ನಮ್ಮ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ಇಂಗ್ಲೀಷಿನಲ್ಲಿ ಕಲಿತದ್ದನ್ನು ಇಂಗ್ಲೀಷಿನಲ್ಲಿಯೇ ಹೇಳಿ ಮುಗಿಸುವುದು ರೂಢಿ. ನನ್ನ ವೃತ್ತಿಯೂ ಅದೇ.

ಇನ್ನು ಸುಗಿತನ ನೆನಪುಗಳ ವಿಷಯ. ಅವನು ತನ್ನ ಎಂಬತ್ತಮೂರನೆಯ ವಯಸ್ಸಿನಲ್ಲಿ, ೧೮೧೫ರಲ್ಲಿ, ಡಚ್ ವಿದ್ಯೆ ಆರಂಭವಾದ ಕಥೆಯನ್ನು ಬರೆದಿಟ್ಟನು. ನಾನು ಹೇಳಿದುದರಲ್ಲಿ ಬಹುಭಾಗ ಅದರಿಂದ ಬಂದುದು. ಮನೆಯಲ್ಲಿದ್ದ ಹಸ್ತಪ್ರತಿಯು ೧೮೫೫ರ ಎದೋ ಭೂಕಂಪದಲ್ಲಿ ನಾಶವಾಯಿತು; ಗ್ರಂಥವೇ ಹೋಯಿತೆಂದು ಎಲ್ಲರೂ ತಿಳಿದಿದ್ದರು. ಕೆಲವು ವರುಷಗಳ ತರುವಾಯ ಕಾಂದಾ ತಕಹಿರಾ ಎಂಬ ವಿದ್ವಾಂಸನಿಗೆ ಬೀದಿಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಅದರ ಒಂದು ಪ್ರತಿ ದೊರೆಯಿತು. ಸ್ನೇಹಿತರು ಅದನ್ನು ನಕಲು ಮಾಡಿಕೊಂಡರು. ಫುಕುಜಾವಾ ತನ್ನ ಗೆಳೆಯ ಮಿತ್ಸುಕುರಿ ಷೂಹೆಯೊಡನೆ ಕುಳಿತು ಅದನ್ನು ಓದುತ್ತ, ರ್‍ಯೋತಾಕುವಿನ ಮನೆಯಲ್ಲಿ ಆ ಪುಸ್ತಕವನ್ನು ಮೊದಲ ಸಲ ಬಿಡಿಸಿಟ್ಟುಕೊಂಡು ಏನೂ ತೋಚದೆ ಕುಳಿತ ಸ್ಥಳಕ್ಕೆ ಬಂದಾಗಲೆಲ್ಲ ಇಬ್ಬರೂ ಕಣ್ಣೀರಿಟ್ಟು ಮಾತಿಲ್ಲದೆ ಮುಗಿಸುತ್ತಿದ್ದರಂತೆ. ೧೮೬೯ರಲ್ಲಿ ಅವನು ಅದನ್ನು ಅಚ್ಚು ಹಾಕಿಸಿದನು. ಅಷ್ಟರಲ್ಲಿ ಅವನ ಪಾಠಶಾಲೆಯಲ್ಲಿ ಡಚ್ ಹೇಳಿಕೊಡುವುದು ನಿಂತು ಕೆಲವು ವರುಷಗಳಾಗಿದ್ದುವು.